ಮುಸುರೆ ಬಕೇಟು ಹಿಡಿದ ಮೀಸೆಯವನು

ಹಾರನಹಳ್ಳಿಯಲ್ಲಿ ಹಂದಿ ಸಾಕುವವರು ಯಾರೆಂದು ಕೇಳಿದರೆ ಎಲ್ಲರೂ ಮರಿಯಣ್ಣನ ಹೆಸರು ಹೇಳುತ್ತಿದ್ದರು. ಹಂದಿ ಸಾಕುವವರ ಸಂಘದಲ್ಲಿ ಸದಸ್ಯನೂ ಅವನೇ. ಆದರೆ ಕೋಳಿ ಕೂಗುವ ಮುಂಚೆ ಎದ್ದು ಗೂಡು ತೊಳೆಯುವವಳು, ಹೋಟೆಲುಗಳ ಹಿಂಬಾಗಿಲಿನಿಂದ ಮುಸುರೆ ಹೊತ್ತು ತಂದು ತೌಡು ಬೆರೆಸಿ ಬೇಯಿಸುವವಳು ಅವನ ಹೆಂಡತಿ ಮುದ್ದಮ್ಮ. ಸಂತೆಯ ದಿನ ಹಂದಿಯ ಬೆನ್ನು ತಟ್ಟಿ ವ್ಯಾಪಾರ ಕುದುರಿಸುವುದು ಮರಿಯಣ್ಣನ ಪಾಲಿನ ಕೆಲಸ. ಅದನ್ನವನು ಚೆನ್ನಾಗಿಯೇ ಮಾಡುತ್ತಿದ್ದ, ಇಲ್ಲವೆನ್ನಬಾರದು.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಅರಸೀಕೆರೆಯ ಒಂದು ಸಂಸ್ಥೆಯವರು ಸಣ್ಣ ಹಂದಿ ಸಾಕಣೆದಾರರ ತರಬೇತಿಗೆ ಚಿತ್ರಪಟಗಳನ್ನು ತಯಾರಿಸತೊಡಗಿದರು. ಓದು ಬಾರದವರೂ ನೋಡಿ ಕಲಿಯುವಂತಿರಬೇಕು. ಅಚ್ಚಿಗೆ ಹೋಗುವ ಮೊದಲು ಊರವರ ಮುಂದೆ ಹಿಡಿದು, ಹಿಡಿದವರು ಬಾಯಿ ಬಿಡದೆ, ಅವರಿಗೇನು ಕಾಣುತ್ತದೆಂದು ಅವರ ಬಾಯಿಂದಲೇ ತಿಳಿಯಬೇಕು. ಚಿತ್ರ ಬರೆಯುವವಳು ಬಸ್ತಿಹಳ್ಳಿಯ ಮಾಲಿನಿ. ಅವಳ ಅಜ್ಜಿಯೂ ಹಂದಿ ಸಾಕಿದವಳೇ. ಅಪ್ಪ ಗುಮಾಸ್ತರಾದ ಮೇಲೆ ಆ ಮನೆಯಲ್ಲಿ ಹಂದಿಯ ಸುದ್ದಿ ಎತ್ತುವಂತಿರಲಿಲ್ಲ.

ಮೊದಲ ಪರೀಕ್ಷೆ ಮುದ್ದಮ್ಮನ ಅಂಗಳದಲ್ಲಿ. ಮಾಲಿನಿ ಮೊದಲನೇ ಚಿತ್ರ ಎತ್ತಿ ಹಿಡಿದಳು. ತಲೆಗೆ ಟವೆಲ್ ಸುತ್ತಿದ ದಪ್ಪ ಮೀಸೆಯವನೊಬ್ಬ ಮುಸುರೆ ಬಕೇಟು ಹೊತ್ತು ಗೂಡಿನತ್ತ ಹೊರಟಿದ್ದ. ಹೆಂಗಸರು ಮುಖ ಮುಖ ನೋಡಿಕೊಂಡರು.

"ಯಾರ ಮನೆ ಗಂಡ್ಸೇ ಇವ್ನು?" ಎಂದಳು ಮುದ್ದಮ್ಮ.

"ಬಕೇಟು ಹಿಡ್ದವ್ನಲ್ಲ, ಪಾಪ, ಹೆಂಡ್ತಿ ಸತ್ತಿರ್ಬೇಕು ಕಣೇ" ಎಂದಳು ಪಕ್ಕದ ಮನೆಯ ದ್ಯಾವಮ್ಮ.

ಅಂಗಳವೆಲ್ಲ ನಗು. ಮಾಲಿನಿ ಮೊದಲು ಪೆಚ್ಚಾದಳು, ಆಮೇಲೆ ತಾನೂ ನಕ್ಕಳು. "ಹಂದಿ ಸಾಕೋರು ಅಂದ ತಕ್ಷಣ ಕೈ ತಾನಾಗೇ ಮೀಸೆ ಬರೆದುಬಿಡ್ತು ಕಣಕ್ಕ."

ಮುಸುರೆ ತರುವುದರಿಂದ ಹಿಡಿದು ಮರಿ ಕಾಯುವವರೆಗಿನ ಅಷ್ಟೂ ಚಿತ್ರಗಳನ್ನು ಅವಳು ಸೀರೆಯವಳನ್ನಿಟ್ಟು ಹೊಸದಾಗಿ ಬರೆದಳು. ಹಳೆಯವನ್ನು ಮುದ್ದಮ್ಮ ಕೇಳಿ ಇಸಿದುಕೊಂಡು ಗೂಡಿನ ಗೋಡೆಗೆ ಸಾಲಾಗಿ ನೇತುಹಾಕಿದಳು. "ಗೋಡೆ ಮೇಲಾದ್ರೂ ಒಬ್ಬ ಗಂಡ್ಸು ಗೇಯ್ಲಿ ಬಿಡು."

ಹೊಸ ಚಿತ್ರಗಳ ಕೊನೆಯ ಪರೀಕ್ಷೆ ಹಗರೆಯಲ್ಲಿ. ಅಲ್ಲಿ ಪಾಠ ಮಾಡುವವಳು ಮುದ್ದಮ್ಮನೇ ಆಗಲಿ ಎಂದು ಮಾಲಿನಿ ಹಟ ಹಿಡಿದಳು. ಸಂಸ್ಥೆಯ ಮುಖ್ಯಸ್ಥ ಉಮಾಶಂಕರ್‌ಗೆ ಅನುಮಾನ. "ಇವರು ಮನೆ ಬಿಟ್ಟು ಊರೂರು ತಿರುಗೋಕಾಗುತ್ತೇನ್ರೀ? ಹಗರೇಲಿ ನೋಡೋಣ. ಆಗದಿದ್ರೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರನ್ನೇ ತಗೊಳ್ಳೋಣ."

ಮದುವೆಗೋ ಸಾವಿಗೋ ಬಿಟ್ಟರೆ ಅರಸೀಕೆರೆ ದಾಟದ ಮುದ್ದಮ್ಮ ಟೀಚರಾಗುವುದೆಂದರೆ! ಒಲೆಯ ಮುಂದೆ ಕೂತರೂ ಅದೇ ಧ್ಯಾನ, ಮುಸುರೆ ಹೊತ್ತು ನಡೆದರೂ ಅದೇ ಧ್ಯಾನ.

ಹೊರಡುವ ಬೆಳಿಗ್ಗೆ ತುಂಬು ಗಬ್ಬದ ಹಂದಿ ಬಾಯಲ್ಲಿ ಹುಲ್ಲು ಕಚ್ಚಿ ಮೂಲೆಗೆ ಗುಡ್ಡೆ ಹಾಕುತ್ತಿತ್ತು. ಅಂದರೆ ಇವತ್ತೇ ಮರಿ ಹಾಕುತ್ತದೆ. ಹೋದ ಸಲ ಮುದ್ದಮ್ಮ ಮುಸುರೆ ತರುವಷ್ಟರಲ್ಲಿ ಅರ್ಧ ಮರಿಗಳು ತಾಯಿಯ ಮೈಯಡಿ ಸಿಕ್ಕಿ ಅಪ್ಪಚ್ಚಿಯಾಗಿದ್ದವು.

"ಹೋಗ್ಬ್ಯಾಡ ಕಣಮ್ಮಿ" ಎಂದ ಮರಿಯಣ್ಣ. "ನಂಗೇನ್ ಗೊತ್ತೈತೆ ಇದೆಲ್ಲ?"

"ಊರಿಗೆಲ್ಲ ಹಂದಿ ಸಾಕೋನು ನೀನೇ ಅಲ್ವೇನಯ್ಯ? ಬಸ್ಸು ಬಂತು, ಬತ್ತೀನಿ."

ಹಾಗೆಂದು ಹತ್ತಿದಳು, ನಿಜ. ಆದರೆ ಹಳೇಬೀಡಿನಲ್ಲಿ ಇಳಿದು ಹಗರೆಯ ಟೆಂಪೋ ಹಿಡಿಯುವವರೆಗೂ ಎದೆಯಲ್ಲಿ ಹಂದಿ ಹುಲ್ಲು ಗುಡ್ಡೆ ಹಾಕುತ್ತಲೇ ಇತ್ತು.

ಹಗರೆಯ ಹೆಂಗಸರ ಮುಂದೆ ನಿಂತ ಮೇಲೆ ಮಾತ್ರ ಎಲ್ಲ ಮರೆತುಹೋಯಿತು. ಗೂಡಿನ ಗೋಡೆಗುಂಟ ಗೇಣೆತ್ತರದಲ್ಲಿ ಬಿದಿರು ಕಟ್ಟಿದ ಚಿತ್ರ ಎತ್ತಿ ಹಿಡಿದು ತುಟಿ ಬಿಗಿದು ನಿಂತಳು.

"ಬಟ್ಟೆ ಒಣಗಾಕಕ್ಕೆ" ಎಂದಿತು ಒಂದು ದನಿ.

"ಗೇಣೆತ್ತರದಾಗೆ ಯಾರ ಬಟ್ಟೆ ಒಣಗಾಕ್ತೀಯೇ, ಹಂದೀದಾ?" ಎಂದು ಗದರಿದ ಆ ಊರಿನ ಮುನಿಯಮ್ಮ ಮುಂದೆ ಬಂದು ಬಗ್ಗಿ ನೋಡಿದಳು. "ಅಯ್ ನೋಡ್ರೇ! ಮರಿ ಈ ಸಂದೀಗೆ ನುಗ್ತವೆ. ತಾಯಿ ದಪ್ಪಂತ ಬಿದ್ರೂ ಬಿದಿರು ತಡೀತೈತೆ!"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮುದ್ದಮ್ಮನ ಮೈ ಜುಮ್ಮೆಂದಿತು. ಬಾಯಿ ಬಿಡದೆ ಕಲಿಸಿದ್ದಳು! ಮಧ್ಯಾಹ್ನ ಉಮಾಶಂಕರ್ ತಾವೇ ಎದ್ದು ಬಂದರು. "ಮುಂದಿನ ವಾರ ಬೇಲೂರಲ್ಲಿ. ಬರ್ತೀರಾ ಮುದ್ದಮ್ಮ?"

ಹೂಂ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಹುಲ್ಲು ಕಚ್ಚಿದ ಹಂದಿ ನೆನಪಾಯಿತು. "ಮನೆಗೋಗಿ ನೋಡಿ ಹೇಳ್ತೀನಿ ಸಾ. ಮರಿ ಉಳೀದೆ ಹೋದ್ರೆ ನಾನು ಮನೆ ಬಿಡಂಗಿಲ್ಲ."

ಸಂಜೆ ಮಾಲಿನಿಯೂ ಜೊತೆಗೇ ಬಂದಳು. ಬೀದಿಯ ತಿರುವಿನಲ್ಲೇ ಮುದ್ದಮ್ಮ ನಿಂತುಬಿಟ್ಟಳು. ತನ್ನ ಮನೆಯ ಟೀವಿ ಆಂಟೆನಾ ಹೆಂಚಿನ ಮೇಲೆ ಅಂಗಾತ ಬಿದ್ದಿದೆ, ಅದನ್ನು ಹೊತ್ತಿದ್ದ ಬಿದಿರು ಇಲ್ಲ. ಕ್ರಿಕೆಟ್ ಇದ್ದ ದಿನ ಆ ಆಂಟೆನಾವನ್ನು ಕಾಗೆ ಮುಟ್ಟಿದರೂ ಕಲ್ಲು ಹೊಡೆಯುವ ಗಂಡಸು ಮರಿಯಣ್ಣ. ಏನೋ ಅನಾಹುತವಾಗಿದೆ! ಓಡಿದಳು.

ಬಿದಿರು ಗೂಡಿನ ಗೋಡೆಗುಂಟ ಗೇಣೆತ್ತರದಲ್ಲಿ, ಹಗ್ಗದ ಮೇಲೆ ಹಗ್ಗ ಸುತ್ತಿಸಿಕೊಂಡು ಭದ್ರವಾಗಿತ್ತು. ತಾಯಿಹಂದಿ ಮಲಗಿತ್ತು, ಮರಿಗಳು ಸಾಲಾಗಿ ಮೊಲೆ ಕಚ್ಚಿದ್ದವು. ಮರಿಯಣ್ಣ ತನ್ನ ಟವೆಲ್ಲಿನಲ್ಲಿ ಕೊನೆಯ ಮರಿಯ ಮೂಗು ಒರೆಸುತ್ತಿದ್ದ. ಮೈಯೆಲ್ಲ ಕೆಸರು.

"ಒಂದು ಹುಟ್ತಾನೇ ಸತ್ತಿತ್ತು ಕಣಮ್ಮಿ. ಮಿಕ್ಕವೆಲ್ಲ ಅವೆ."

"ಯಾರಯ್ಯ ಹೇಳ್ಕೊಟ್ರು?"

ಅವನು ಗೋಡೆಯತ್ತ ಗಲ್ಲ ಎತ್ತಿದ. "ಆ ಮೀಸೆಯವ್ನು. ಗಂಡ್ಸಿನ ಚಿತ್ರ ಇತ್ತಲ್ಲ, ನಂಗೇ ಬರ್ದಿರೋದು ಅನ್ಕೊಂಡೆ."

"ಎರಡು ಸಲ ಬೇಲಿ ತಾವ ಬಂದು ಕೂಗ್ದ, ಗಿಣ್ಣುಹಾಲು ಯಾವಾಗ ಕುಡಿಸ್ಬೇಕು ದ್ಯಾವಮ್ಮೋ ಅಂತ" ಎಂದು ಆಚೆಯಿಂದ ದ್ಯಾವಮ್ಮ ನಕ್ಕಳು.

ಮಾಲಿನಿ ಮುದ್ದಮ್ಮನ ಎರಡೂ ಕೈ ಹಿಡಿದು ಕುಣಿಯುವುದೊಂದು ಬಾಕಿ. "ಇದೇ ಅಕ್ಕ ಪರೀಕ್ಷೆ! ಒಂದು ದಿನವೂ ಮಾಡದೋರು ನೋಡಿ ಮಾಡಿದಾರೆ! ಮೀಸೆಯವನನ್ನೂ ಬಿಡೋದಿಲ್ಲ, ಸೀರೆಯವಳನ್ನೂ ಬಿಡೋದಿಲ್ಲ, ಇಬ್ಬರನ್ನೂ ಅಚ್ಚಿಗೆ ಹಾಕಿಸ್ತೀನಿ."

ಅಷ್ಟರಲ್ಲಿ ಮರಿಯಣ್ಣ ಸೊಂಟ ಹಿಡಿದು ಎದ್ದ. "ಮುಸುರೆ ಇನ್ನೂ ತಂದಿಲ್ಲ ಕಣಮ್ಮಿ. ಹೋಟ್ಲು ಬಾಗ್ಲಾಕೋ ಹೊತ್ತಾಯ್ತು."

ಮುದ್ದಮ್ಮನ ಕೈ ರೂಢಿಯಂತೆ ಬಕೇಟಿನತ್ತ ಹೋಯಿತು, ಅಲ್ಲೇ ನಿಂತಿತು.

"ಮೊದಲ್ನೇ ಚಿತ್ರ ನೋಡ್ಲಿಲ್ವೇನಯ್ಯ?"

ಮರಿಯಣ್ಣ ನೋಡಿದ. ತಲೆ ಕೆರೆದುಕೊಂಡ. ಕೆಸರಾದ ಟವೆಲ್ಲನ್ನು ಕೊಡವಿ ತಲೆಗೆ ಸುತ್ತಿ, ಬಕೇಟು ಎತ್ತಿಕೊಂಡು ಬೀದಿಗಿಳಿದ.

ಅವನು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದ ಮುದ್ದಮ್ಮ ಮಾಲಿನಿಯ ಕಡೆ ತಿರುಗಿದಳು.

"ಸಾಹೇಬ್ರಿಗೆ ಹೇಳವ್ವ, ಬೇಲೂರಿಗೆ ಬತ್ತೀನಿ."