ಅನುಭವದ ಕಾಲಂ

ಅವರಿಗೆ ಕನ್ನಡಕ ಇತ್ತೋ, ನೆನಪಿನಲ್ಲಿ ನಾನೇ ಹಾಕಿದ್ದೋ, ಈಗ ಹೇಳಲಾರೆ. ಕೋಲಾರದ ಉದ್ಯೋಗ ಕಚೇರಿಯ ಆ ಗುಮಾಸ್ತರು ಯಾರ ಅರ್ಜಿ ನೋಡಿದರೂ "ಖಾಲಿ ಬಿಡ್ಬೇಡಿ" ಅನ್ನುತ್ತಿದ್ದುದು ಮಾತ್ರ ನಿಜ. ಒಂದು ದಿನ ಸಾಲಿನಲ್ಲಿ ನನ್ನ ಮುಂದೆ ಗೌನಿಪಲ್ಲಿಯ ಹೆಂಗಸೊಬ್ಬರಿದ್ದರು, ಬೆರಳುಗಳ ತುಂಬ ಮಾವಿನ ಸೊನೆಯ ಕಲೆ. ವೇಮಗಲ್‌ನಲ್ಲಿ ತರಕಾರಿ ಪ್ಯಾಕಿಂಗ್ ಕೆಲಸದ ಸಂದರ್ಶನ ಅಂದೇ ಮಧ್ಯಾಹ್ನ. ಅವರ ಅರ್ಜಿಯಲ್ಲಿ ಅನುಭವದ ಕಾಲಂ ಖಾಲಿ.

"ನಾನೇನೂ ಕೆಲ್ಸ ಮಾಡಿಲ್ಲ ಸಾರ್."

"ಮತ್ತೆ ಮಂಡೀಲಿ ಮಾವಿನಕಾಯಿ ಆರ್ಸೋದ್ಯಾರಕ್ಕಾ, ನಿಮ್ಮತ್ತೇನಾ?"

"ಅಯ್ಯೋ, ಅದೂ ಕೆಲ್ಸಾನಾ? ಹನ್ನೆರಡು ವರ್ಷದಿಂದ ಮಾಡ್ತಿದೀನಿ!"

ಗುಮಾಸ್ತರು ಅದನ್ನೇ ಬರೆದು ಓದಿ ಹೇಳಿದರು. ಒಬ್ಬರೇ ಹೋಗಲು ಆಕೆ ಹೆದರಿದಾಗ, ಕುರ್ಚಿ ಬಿಟ್ಟೆದ್ದು ಬಸ್ಸಿಗೆ ಹತ್ತಿಸಿ ಬಂದರು. ಸಾಲಿನಲ್ಲಿದ್ದ ನಾವು ಗೊಣಗಿದೆವು. ಆಕೆಗೆ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಎರಡು ಸಲ ಹೋದಾಗಲೂ ನಾನು ಕೇಳಲಿಲ್ಲ.