ಗೋಡೆಯ ಆ ಕಡೆಯ ನಟ್ಟು

ಹಾಲಮ್ಮತ್ತೆಗೆ ಒಬ್ಬಳೇ ಕೂತು ಒಂದು ಹಿಡಿ ಮಂಡಕ್ಕಿ ತಿನ್ನಲೂ ಬರುತ್ತಿರಲಿಲ್ಲ. ಮಿರ್ಚಿ ಬಜ್ಜಿ ಕರಿದರೆ ಬಾಣಲೆ ಇಳಿಸುವ ಮೊದಲೇ ಬಾಗಿಲಿಗೆ ಬಂದು ಓಣಿಯ ತುದಿಯವರೆಗೂ ಕೂಗುವಳು. ಕರೆಸಿಕೊಂಡವರೆಲ್ಲ ಬರುವಷ್ಟರಲ್ಲಿ ಮಿರ್ಚಿ ಆರಿ ತಣ್ಣಗಾಗಿರುತ್ತಿತ್ತು. ಹರಪನಹಳ್ಳಿಯಿಂದ ಕೊಟ್ಟೂರಿನ ಆ ಮನೆಗೆ ಸೊಸೆಯಾಗಿ ಬಂದ ನಾನು ಕಲಿತ ಮೊದಲ ವಿದ್ಯೆ, ತಣ್ಣನೆಯ ಮಿರ್ಚಿಯನ್ನು ಹೊಗಳಿ ತಿನ್ನುವುದು.

ಅವಳು ನನ್ನ ಮಾವನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ನಮ್ಮ ಜೊತೆಯೇ ಇದ್ದಳು. ಮನೆ ಪಾಲಾಗುವಾಗ ಕಿರಿಯ ತಮ್ಮ ಕೊಟ್ರಪ್ಪ, "ಕೊಟ್ಟ ಹೆಣ್ಣಿಗೆ ಈ ಮನ್ಯಾಗ ಏನೈತಿ?" ಅಂದುಬಿಟ್ಟನಂತೆ. ಪಡಸಾಲೆಯ ನಡುವೆ ಮಣ್ಣಿಟ್ಟಿಗೆಯ ಗೋಡೆ ಎದ್ದಿತು. ಮುಂದಿನ ಓಣಿಯ ಕಡೆ ನಾವು, ಹಿಂದಿನ ಓಣಿಯ ಕಡೆ ಅವನು. "ಅವನ ಹೊಸ್ತಿಲು ತುಳಿಯಂಗಿಲ್ಲ, ಅವನ ಕೂಡ ಮಾತಾಡಂಗಿಲ್ಲ" ಎಂದು ಅತ್ತೆ ಆಣೆ ಮಾಡಿಕೊಂಡಿದ್ದಳು. ಊರಿಗೆಲ್ಲ ಕೇಳುವಂತೆ ಮಾತಾಡುವವಳು ಒಡಹುಟ್ಟಿದವನ ಜೊತೆ ಮಾತ್ರ ವರ್ಷಗಟ್ಟಲೆ ತುಟಿ ಬಿಚ್ಚಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಗಂಡ ಬಣ್ಣದ ಟೀವಿ ತಂದರು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಸಂಜೆ ನಾಲ್ಕರ ಸಿನಿಮಾಕ್ಕೆ ಓಣಿಗೆ ಓಣಿಯನ್ನೇ ಕರೆದು ಬಂದಳು. ಮೇಜಿನ ಮೇಲಿಟ್ಟರೆ ಹಿಂದಿನವರಿಗೆ ಬರೀ ತಲೆಗಳು ಕಾಣುತ್ತವೆ, ಬಾಗಿಲ ಎದುರಿನ ಗೋಡೆಗೆ ಎತ್ತರದಲ್ಲಿ ಕೂರಿಸಿದರೆ ಹೊರಗಿನ ಕಟ್ಟೆಯವರೂ ನೋಡಬಹುದು ಎಂದು ಹಟ ಹಿಡಿದಳು. ನನ್ನ ಗಂಡ ಗೊಣಗಿದರೆ, "ನಾವ್ ನಾವ ನೋಡ್ಕಳ್ಳಾಕ ಅದೇನು ಕನ್ನಡಿ ಏನಲೇ?" ಎಂದು ಬಾಯಿ ಮುಚ್ಚಿಸಿದಳು.

ಭಾನುವಾರ ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯ ಖಾಜಾಸಾಬ ಕಬ್ಬಿಣದ ಸ್ಟ್ಯಾಂಡು, ನಟ್ಟು ಬಿಗಿಯುವ ಪಾನಾ ಹೊತ್ತು ಬಂದ. ಗೋಡೆ ತಟ್ಟಿ ನೋಡಿ ತಲೆಯಾಡಿಸಿದ. "ಅವ್ವಾ, ಇದು ಮಣ್ಣಿನ ಗ್ವಾಡಿ, ಮೊಳಿ ಹಿಡಿಯಂಗಿಲ್ಲ. ಬೋಲ್ಟು ಆ ಕಡಿಗೆ ಪಾರಾಗ್ಬೇಕು. ಅತ್ಲಾಗ ಒಬ್ರು ನಿಂತು ಪಾನಾದಾಗ ನಟ್ಟು ಹಿಡಕಾಬೇಕು."

ಆ ಕಡೆ ಎಂದರೆ ಕೊಟ್ರಪ್ಪನ ಮನೆ. ಬಾಗಿಲ ಎದುರಿಗಿದ್ದದ್ದು ಪಾಲಿನ ಗೋಡೆ. ನನ್ನ ಗಂಡ ಹೋಗಿ ಕೇಳಿ, ಜೋಲು ಮೋರೆ ಹಾಕಿಕೊಂಡು ಬಂದರು. "ಗ್ವಾಡಿ ಅರ್ಧ ನಂದೂ ಐತಿ. ಅಕ್ಕ ಬಾಯಿಬಿಟ್ಟು ಕೇಳ್ಲಿ, ಹಿಡೀತೀನಿ" ಅಂದನಂತೆ.

ಅತ್ತೆಯ ಮುಖ ಸಣ್ಣಗಾಯಿತು. ಕಟ್ಟೆಯ ಮೇಲೆ ಆಗಲೇ ಮಂದಿ ಜಮಾಯಿಸಿ ಜಾಗಕ್ಕೆ ಜಗಳಾಡುತ್ತಿದ್ದರು. ಟೀವಿ ನೆಲದ ಮೇಲೆ, ಕೌದಿಯ ಮೇಲೆ ಕೂತಿತ್ತು. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ಕಟ್ಟೆಯನ್ನು ನೋಡಿದಳು.

"ಖಾಜಾ, ಮೊದ್ಲು ತೂತು ಹೊಡಿ."

"ಅವ್ರು ಇನ್ನಾ ಹ್ಞೂಂ ಅಂದಿಲ್ಲವ್ವಾ."

"ಅವನ ಹೊಸ್ತಿಲು ತುಳಿಯಂಗಿಲ್ಲ ಅಂದೀನಿ. ಮತ್ತ ಕೇಳಾಕ ನನಗೊಂದು ದಾರಿ ಬ್ಯಾಡೇನು?"

ಉಳಿ ಪಾರಾಗಿ ಆ ಕಡೆಯ ಬೆಳಕು ಕಂಡದ್ದೇ ತಡ, ಅತ್ತೆ ಸ್ಟೂಲು ಹತ್ತಿ ತೂತಿಗೆ ಬಾಯಿಟ್ಟು ಕೂಗಿದಳು. "ಲೇ ಕೊಟ್ರಾ, ಅದೀಯೇನೋ?"

"ಅದೀನಿ ತಗಾ ಅಕ್ಕಾ. ಕಿವ್ಯಾಗೆಲ್ಲ ಮಣ್ಣು ಬಿತ್ತು."

ಪುಣ್ಯಾತ್ಮ ಗೋಡೆಗೆ ಕಿವಿಯಿಟ್ಟೇ ನಿಂತಿದ್ದ! ಕಟ್ಟೆಯ ಮಂದಿ ಕೇಕೆ ಹಾಕಿತು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

"ಪಾನಾ ಹಿಡೀತೀಯೋ, ಟೀವಿ ನನ್ನ ತಲಿ ಮ್ಯಾಗ ಕೆಡವ್ತೀಯೋ?"

"ಹಿಡೀತೀನಿ ಅಕ್ಕಾ. ಎಷ್ಟನೇ ನಂಬರಿಂದು ಬೇಕು ಕೇಳು."

ಒಂದೊಂದು ಬೋಲ್ಟಿಗೂ ಅಕ್ಕತಮ್ಮ ಬೈದಾಡುತ್ತಲೇ ಬಿಗಿಸಿದರು. ಸಿನಿಮಾ ಶುರುವಾದಾಗ ಕೊಟ್ರಪ್ಪ ಬಂದು ಕಟ್ಟೆಯ ತುದಿಗೆ ಕೂತ. "ಒಳಗ ಬಾ ಅನ್ನು ಅವಗ, ಬಿಸಲು ಬಡಿತೈತಿ" ಎಂದು ಅತ್ತೆ ನನಗೆ ಹೇಳಿದಳು, ಅವನಿಗೇ ಕೇಳುವಂತೆ. ಅವತ್ತು ಅವಳು ಟೀವಿಯನ್ನು ನೋಡಲೇ ಇಲ್ಲ. ನೋಡುವವರ ಮುಖಗಳನ್ನೇ ನೋಡುತ್ತ ಕೂತಿದ್ದಳು.

ಅವನ ಹೊಸ್ತಿಲನ್ನು ಮಾತ್ರ ಕೊನೆಯವರೆಗೂ ತುಳಿಯಲಿಲ್ಲ, ಅಷ್ಟು ಛಲ. ಮಿರ್ಚಿ ಕರಿದಾಗ ಸ್ಟ್ಯಾಂಡಿನ ಕೆಳಗೆ ನಿಂತು ಗೋಡೆ ಗುದ್ದುವಳು. ಅವನು ಓಣಿ ಸುತ್ತಿಕೊಂಡು ಓಡಿ ಬರುವನು. ಬಿಸಿ ಮಿರ್ಚಿ ಸಿಗುತ್ತಿದ್ದದ್ದು ಅವನೊಬ್ಬನಿಗೆ.

ಅತ್ತೆ ಹೋಗಿ ಕೆಲವು ವರ್ಷಗಳಾದ ಮೇಲೆ ಮನೆಗೆ ತೆಳ್ಳನೆಯ ಟೀವಿ ಬಂತು. ಹಳೆಯ ಸ್ಟ್ಯಾಂಡು ಬಿಚ್ಚಿಸಲೆಂದು ನನ್ನ ಗಂಡ ಗೋಡೆ ತಟ್ಟಿ, ಪಾನಾ ಹಿಡಿಯಲು ಚಿಕ್ಕಪ್ಪನನ್ನು ಕೂಗಿದರು. ಸ್ವಲ್ಪ ಹೊತ್ತಿಗೆ ಕೊಟ್ರಪ್ಪನೇ ಓಣಿ ಸುತ್ತಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತ.

"ಬಿಗಿಯಾಕ ಅಕ್ಕ ಕರದಿದ್ಲು, ಹಿಡದೆ. ಬಿಚ್ಚಾಕ ನಾ ಹಿಡಿಯಂಗಿಲ್ಲ."