ಗಂಜಿ ಕರಗಿಸಿದ ಅಣ್ಣ

ನನ್ನ ಅಣ್ಣ ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಮೂಡಲಗಿಯಲ್ಲಿ ಜೋಳ, ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದ ನಮ್ಮಪ್ಪನಿಗೆ ಇದನ್ನು ಯಾರೆದುರೂ ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ನಮ್ಮದು ಜೈನರ ಮನೆ. ಸೋಸದ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅಂಥ ಮನೆಯ ಮಗ ಕಣ್ಣಿಗೆ ಕಾಣದ ಜೀವಿಗಳನ್ನು ಸಾಕುತ್ತಾನೆ, ಕೊಲ್ಲುತ್ತಾನೆ ಎಂದರೆ ಹೇಗೆ? ಯಾರಾದರೂ ಕೇಳಿದರೆ "ಔಷಧದ ಖಾತ್ಯಾಗ ಅದಾನ್ರಿ" ಎಂದು ಅಪ್ಪ ಮಾತು ಮುಗಿಸುತ್ತಿದ್ದ.

ಎರಡನೆಯ ಮಹಾಯುದ್ಧದ ಕಾಲ. ಅಪ್ಪನ ಗೆಳೆಯರೊಬ್ಬರು ಗೋಕಾಕದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರಖಾನೆ ಇಟ್ಟಿದ್ದರು. ನೇಯುವ ಮೊದಲು ನೂಲಿಗೆ ಗಂಜಿ ಹಚ್ಚಿರುತ್ತಾರಲ್ಲ, ಅದು ಪೂರ್ತಿ ಹೋಗದಿದ್ದರೆ ಬಣ್ಣ ತೇಪೆತೇಪೆಯಾಗಿ ಹಿಡಿಯುತ್ತದೆ. ಗಂಜಿ ಕರಗಿಸುವ ಪುಡಿ ವಿಲಾಯತಿಯಿಂದ ಬರುತ್ತಿತ್ತು. ಯುದ್ಧದಿಂದಾಗಿ ಅದು ನಿಂತು, ಅವರು ಕೈಚೆಲ್ಲಿ ಕೂತಿದ್ದರು.

"ಆ ಪುಡಿ ನಾ ಮಾಡಿ ಕೊಡತೇನ್ರಿ ಕಾಕಾ," ಎಂದ, ಊರಿಗೆ ಬಂದಾಗ ಅವರ ಕಷ್ಟ ಕೇಳಿದ ಅಣ್ಣ.

ನಾನಾಗ ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿ. ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಅಪ್ಪನ ಗೋದಾಮಿನ ಒಂದು ಮೂಲೆಯನ್ನು ಇಬ್ಬರೂ ಸುಣ್ಣ ಬಳಿದು ಸ್ವಚ್ಛ ಮಾಡಿದೆವು. ಒಣಹುಲ್ಲಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ಅಣ್ಣ ಪುಣೆಯಿಂದ ಗಾಜಿನ ನಳಿಕೆಯಲ್ಲಿ ತಂದಿದ್ದ. ತೌಡು ಕುದಿಸಿ ಬಸಿದ ತಿಳಿಯಲ್ಲಿ ಬಿಟ್ಟಾಗ ಅದು ಬೆಳೆದು ಮೇಲೆ ಸುಕ್ಕುಸುಕ್ಕಾದ ಕೆನೆ ಕಟ್ಟಿತು.

ಅಪ್ಪ ಬಾಗಿಲಲ್ಲಿ ಬಂದು ನಿಂತ. "ಏನೋ, ನನ್ನ ಗೋದಾಮಿನ್ಯಾಗ ಜೀವಹತ್ಯೆ ನಡಸೀಯೇನು?"

ಅಣ್ಣ ಸಿಟ್ಟಾಗಲಿಲ್ಲ. "ಗಂಜಿ ಕರಗಸೂದು ಆ ಜೀವ ಅಲ್ರಿ ಅಪ್ಪಾ. ಅದು ಹೊರಗ ಬಿಡೂ ಕಿಣ್ವ. ಹಾಲಿನ್ಯಾಗ, ಬ್ಯಾಳ್ಯಾಗ ಇರತೈತೆಲ್ಲಾ, ಅಂಥಾದ್ದ ಒಂದು ಪ್ರೋಟೀನು."

"ಜೀವ ಎಲ್ಲಿ ಹೋದೂವು ಮತ್ತ?"

ಅಣ್ಣ ತಿಳಿಯನ್ನು ಸೋಸಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಪಿಂಗಾಣಿ ಕೊಳವೆಯನ್ನು ತೋರಿಸಿದ. "ಇದರ ಮ್ಯಾಲ ಕೂತಾವ್ರಿ."

"ನೀರು ಸೋಸಿದ ಅರಿವ್ಯಾಗ ಉಳದದ್ದನ್ನ ನಿಮ್ಮವ್ವ ಏನ ಮಾಡತಾಳು?"

"ತಿರುಗಿ ಬಾವಿಗೇ ಬಿಡತಾಳ್ರಿ."

"ನೀನೂ ಹಂಗ ಮಾಡು."

ನಾನು ನಗು ತಡೆದೆ. ಅಣ್ಣ ನಗಲಿಲ್ಲ. ಕೊಳವೆಯ ಮೇಲಿನ ಲೋಳೆಯನ್ನು ನೀರಿನಲ್ಲಿ ತೊಳೆದು, ಹಿತ್ತಲ ಒಣಹುಲ್ಲಿನ ಬಣವೆಯ ಬುಡಕ್ಕೆ ಸುರಿದು ಬಂದ. ಅಪ್ಪ ಅಲ್ಲಿಯೇ ನಿಂತು ನೋಡಿದ. ಆಮೇಲೆ ಅಡ್ಡಿ ಮಾಡಲಿಲ್ಲ.

ಸೋಸಿದ ತಿಳಿಯಿಂದ ಪ್ರೋಟೀನನ್ನು ಬೇರ್ಪಡಿಸಲು ಒಂದು ಉಪ್ಪು ಬೇಕಿತ್ತು. ಪುಣೆಯಲ್ಲಿ ಅದು ಚೊಕ್ಕ ಬಾಟಲಿಯಲ್ಲಿ ಸಿಗುತ್ತಿತ್ತು. ನಮ್ಮೂರಲ್ಲಿ ಅದೇ ಉಪ್ಪನ್ನು ಕಬ್ಬಿಗೆ ಗೊಬ್ಬರವೆಂದು ಮಾರುತ್ತಿದ್ದರು. ಅಣ್ಣ ಅದನ್ನೇ ಕರಗಿಸಿ, ಸೋಸಿ, ಹರಳುಗಟ್ಟಿಸಿ ಶುದ್ಧ ಮಾಡಿದ. ತಿಳಿಗೆ ಬೆರೆಸಿದಾಗ ಒಡೆದ ಹಾಲಿನ ಹಾಗೆ ಬಿಳಿ ಗಸಿ ತಳಕ್ಕಿಳಿಯಿತು. ಅದನ್ನು ಒಣಗಿಸಿದರೆ ಪುಡಿ. ಚಿಟಿಕೆ ಪುಡಿಯನ್ನು ಗಂಜಿಗೆ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ನಾನೇ ಅಯೋಡಿನ್ ಹನಿಸಿದೆ. ಗಂಜಿ ಇದ್ದರೆ ನೀಲಿಯಾಗಬೇಕು. ಆಗಲಿಲ್ಲ! ನಾನು ಚೀರಿದ್ದು ಬೀದಿಗೆಲ್ಲ ಕೇಳಿತಂತೆ.

ಆದರೆ ಗೋಕಾಕದಲ್ಲಿ ಮೊದಲ ಸಲ ಸೋತೆವು. ಕೆಲಸದವರು ಬಣ್ಣಕ್ಕೆ ಮಾಡುವ ರೂಢಿಯಂತೆ ಕುದಿಯುವ ನೀರಿಗೆ ಪುಡಿ ಸುರಿದರು; ಬಟ್ಟೆಯ ಗಂಜಿ ಹಾಗೆಯೇ ಉಳಿಯಿತು. ಕಾಕಾ ಮುಖ ಸಪ್ಪೆ ಮಾಡಿಕೊಂಡು, "ವಿಲಾಯತಿ ಮಾಲು ವಿಲಾಯತಿ ಮಾಲೇ ಬಿಡಪಾ," ಎಂದರು.

"ಪುಡಿ ಸುಳ್ಳಲ್ರಿ ಕಾಕಾ. ಹೇಳೂದರಾಗ ನಾ ತಪ್ಪಿದೆ. ಕುದಿಯೋ ನೀರಾಗ ಪ್ರೋಟೀನು ಕೆಡತೈತಿ," ಎಂದ ಅಣ್ಣ. ತೊಟ್ಟಿಯ ಬಳಿ ತಾನೇ ನಿಂತು, ಉಷ್ಣಮಾಪಕ ಹಿಡಿದು, ನೀರು ತಕ್ಕಷ್ಟು ಆರಿದ ಮೇಲೆ ಪುಡಿ ಹಾಕಿದ. ನೆನೆದ ಬಟ್ಟೆಯನ್ನು ತೊಳೆದು ಬಣ್ಣಕ್ಕೆ ಅದ್ದಿದರು. ಹೊರಗೆ ಹರವಿದಾಗ ಅಂಚಿನಿಂದ ಅಂಚಿಗೆ ಒಂದೇ ಕೆಂಪು.

ಅಪ್ಪನೂ ಬಂದಿದ್ದ. ಬಟ್ಟೆಯನ್ನು ಹಿಡಿದು, ತಿರುವಿ, ಬಿಸಿಲಿಗೆ ಎತ್ತಿ ನೋಡಿದ. ಕಾಕಾನ ಕಡೆ ತಿರುಗಿ, "ಖರೇನ ಛಲೋ ಆಗೈತಿ, ಹೌದಿಲ್ಲೋ?" ಎಂದ.

ಯುದ್ಧ ಮುಗಿಯುವವರೆಗೂ ಆ ಕಾರಖಾನೆ ನಡೆದದ್ದು ಅಣ್ಣನ ಪುಡಿಯಿಂದಲೇ. ಸಂಶೋಧನೆ ಮುಂದುವರಿಸಲು ಅವನು ಪುಣೆಗೆ ಹೋದ. ಹುಕ್ಕೇರಿಯಿಂದ ವಾರವಾರ ಬಂದು ಪುಡಿ ಮಾಡುವ ಕೆಲಸ ನೋಡಿಕೊಂಡವಳು ನಾನು. ಒಮ್ಮೆ ಮೂಡಲಗಿಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಅಪ್ಪನನ್ನು ಕೇಳಿದ: "ಮಗಾ ಏನ ಮಾಡತಾನ್ರಿ?"

ನಾನು ಪಕ್ಕದಲ್ಲೇ ಇದ್ದೆ. ಅಪ್ಪ ತಲೆಗೆ ಸುತ್ತಿದ ಪಟಗಾ ಸರಿ ಮಾಡಿಕೊಂಡು, ನಾಲ್ಕು ಮಂದಿಗೆ ಕೇಳುವಂತೆ ಹೇಳಿದ: "ಸೈಂಟಿಸ್ಟ ಅದಾನ್ರಿ. ಬ್ಯಾಕ್ಟೀರಿಯಾದ ಕಿಣ್ವದ ಮ್ಯಾಲ ಸಂಶೋಧನ ಮಾಡತಾನು. ಮಗಳೂ ಅದನ್ನ ಮಾಡತಾಳು. ಕೂಡ್ರಿ, ತಿಳಿಸಿ ಹೇಳತೇನಿ."